ಅತ್ತಿಗೆಯ ಗುಲಾಬಿ ಒಸಡು

ನನ್ನ ಯಜಮಾನರ ಅಕ್ಕ, ಅಂದರೆ ನನ್ನ ಅತ್ತಿಗೆ, ಬೀಗರ ಹಾಡು ಕಟ್ಟುವುದರಲ್ಲಿ ಶಿಡ್ಲಘಟ್ಟದ ಸುತ್ತಮುತ್ತ ಹೆಸರು ಮಾಡಿದವರು. ಮದುವೆಮನೆಯಲ್ಲಿ ಗಂಡಿನ ಕಡೆಯ ಹೆಂಗಸರು ಒಂದು ಬದಿ, ಹೆಣ್ಣಿನ ಕಡೆಯವರು ಇನ್ನೊಂದು ಬದಿ ಕೂತು ಹಾಡಿನಲ್ಲೇ ಒಬ್ಬರನ್ನೊಬ್ಬರು ಕಿಚಾಯಿಸುವ ಪದ್ಧತಿ ನಮ್ಮ ಕಡೆ ಆಗಿನ್ನೂ ಪೂರ್ತಿ ಹೋಗಿರಲಿಲ್ಲ. ಅತ್ತಿಗೆ ಮನೆಯಿಂದ ಏನನ್ನೂ ಕಲಿತುಕೊಂಡು ಹೋಗುತ್ತಿರಲಿಲ್ಲ. ಎದುರಿಗೆ ಕೂತ ಬೀಗಿತ್ತಿಯ ಮೂಗುತಿಯೋ, ಅವರು ತಂದ ಲಾಡಿನ ಗಾತ್ರವೋ, ಕಣ್ಣಿಗೆ ಬಿದ್ದದ್ದರ ಮೇಲೆ ಅಲ್ಲೇ ಎರಡು ಸಾಲು ಹುಟ್ಟುತ್ತಿತ್ತು. ಪ್ಯೂರ್ ಎಕ್ಸ್‌ಟೆಂಪೋರ್! ನಮ್ಮ ಕಾನ್ವೆಂಟಿನ ಡಿಬೇಟುಗಳಲ್ಲಿ ಕಪ್ ಗೆದ್ದ ಹುಡುಗಿಯರಿಗೂ ಅಷ್ಟು ಚುರುಕು ಇರಲಿಲ್ಲ.

ಅಂಥವರಿಗೆ ಹಲ್ಲು ಹೋದವು. ಕೆಲವು ತಾವಾಗಿ ಬಿದ್ದವು, ಉಳಿದವನ್ನು ಕೀಳಿಸಿದರು. ಎಲೆ ಅಡಿಕೆಯನ್ನು ಪುಟ್ಟ ಹಿತ್ತಾಳೆ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತ, "ಒಳ್ಳೇದೇ ಆಯ್ತು ಬಿಡೇ, ಉಜ್ಜೋ ಕೆಲಸ ತಪ್ತು" ಎನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ, ಅವರ ಮೊಮ್ಮಗಳ ನಿಶ್ಚಿತಾರ್ಥದ ತನಕ.

ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಕೊನೆಯ ವರ್ಷಗಳವು. ಗಂಡಿನ ಕಡೆಯವರು ಗೌರಿಬಿದನೂರಿನವರು. ವರನ ಅಜ್ಜಿ, ದಪ್ಪ ಕುಂಕುಮದ, ಗಟ್ಟಿ ಗಂಟಲಿನ ಹೆಂಗಸು, ಅತ್ತಿಗೆಯ ಮನೆಯ ಪಡಸಾಲೆಯಲ್ಲಿ ಕೂತು ಮೊದಲ ಹಾಡು ಎಸೆದೇಬಿಟ್ಟರು. ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುವುದು ಅತ್ತಿಗೆಯ ಮನೆಯ ಕಸುಬು; ಅಂಥ ಮನೆಯ ಕಾಫಿಗೂ ಹುಳುವಿನ ವಾಸನೆ ಎಂದು ಆ ಹಾಡಿನ ಅರ್ಥ. ಎಲ್ಲರೂ ಅತ್ತಿಗೆಯ ಕಡೆ ತಿರುಗಿದರು. ಅತ್ತಿಗೆ ಸೆರಗು ಸರಿಮಾಡಿಕೊಂಡು ಉತ್ತರ ಎತ್ತಿದರು. ರಾಗ ಬಂತು. ಮಾತು ಬರಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಅಕ್ಷರಗಳೆಲ್ಲ ನೆಂದ ಅವಲಕ್ಕಿಯ ಹಾಗೆ ಒಂದಕ್ಕೊಂದು ಅಂಟಿಕೊಂಡವು.

"ಏನಂದ್ರಿ ಬೀಗಿತ್ತಿ?" ಅಂದರು ಆಕೆ, ಕಿವಿಗೆ ಕೈ ಇಟ್ಟುಕೊಂಡು. "ಗಾಳಿ ಬಂತು, ಮಾತು ಬರ್ಲಿಲ್ಲವಲ್ಲ!"

ಪಡಸಾಲೆ ನಕ್ಕಿತು. ಅತ್ತಿಗೆಯೂ ನಕ್ಕರು, ಬಾಯಿಗೆ ಸೆರಗು ಅಡ್ಡ ಹಿಡಿದು. ಅವರು ಸೆರಗು ಅಡ್ಡ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೀಗರನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದ ಮೇಲೆ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದವರು ನನ್ನನ್ನು ಕರೆದರು. ನನ್ನನ್ನು ಅವರು ಕರೆಯುತ್ತಿದ್ದದ್ದು ಕಾನ್ವೆಂಟಮ್ಮ ಎಂದು.

"ಕಾನ್ವೆಂಟಮ್ಮ, ಚಿಂತಾಮಣೀಲಿ ಹಲ್ಲು ಕಟ್ತಾರಂತಲ್ಲ, ಗೊತ್ತಾ ನಿಂಗೆ?"

"ಗೊತ್ತು ಅತ್ತಿಗೆ. ಹಲ್ಲು ಬೇಡ ಅಂತಿದ್ರಲ್ಲ?"

"ಉಣ್ಣೋಕೆ ಬೇಡ ಕಣೇ. ಮದುವೇಲಿ ಆಯಮ್ಮಂಗೆ ಉತ್ತರ ಕೊಡ್ದೆ ಬಂದ್ರೆ, ಆಮೇಲೆ ನಾನು ಬಾಯಿ ಇಟ್ಕೊಂಡು ಏನ್ ಮಾಡ್ಲಿ?"

ನಗುತ್ತಲೇ ಹೇಳಿದರು, ಆದರೆ ಕೈಯಲ್ಲಿದ್ದ ಕುಟ್ಟಾಣಿಯನ್ನು ಬಿಡದೆ ತಿರುಗಿಸುತ್ತಿದ್ದರು. ಮದುವೆ ಗೌರಿಬಿದನೂರಿನ ಛತ್ರದಲ್ಲಿ ಎಂದು ಗೊತ್ತಾಗಿತ್ತು. ಆ ಹೆಂಗಸಿನ ಸ್ವಂತ ಊರಲ್ಲಿ, ಅವರ ಕಡೆಯವರೇ ತುಂಬಿರುವ ಛತ್ರದಲ್ಲಿ.

ಹಾಗಾಗಿ ನಾನು ಚಿಕ್ಕಬಳ್ಳಾಪುರದಿಂದ ಪ್ರೈವೇಟ್ ಬಸ್ಸು ಹತ್ತಿ ಬಂದು, ಶಿಡ್ಲಘಟ್ಟದಲ್ಲಿ ಅವರನ್ನು ಜೊತೆ ಮಾಡಿಕೊಂಡು, ಚಿಂತಾಮಣಿಗೆ ಓಡಾಡುವ ಕೆಲಸ ಶುರುವಾಯಿತು. ಹಲ್ಲು ಕಟ್ಟುವವರದು ಪೇಟೆಯ ಬೀದಿಯಲ್ಲಿ ಮಹಡಿ ಮೇಲಿನ ಎರಡು ಕೋಣೆ. ಮುಂದಿನದರಲ್ಲಿ ಕುರ್ಚಿ, ಹಿಂದಿನದರಲ್ಲಿ ಗಾರೆ ಕೆಲಸದವರ ಮನೆಯ ಹಾಗೆ ಎಲ್ಲೆಲ್ಲೂ ಪ್ಲಾಸ್ಟರಿನ ಬಿಳಿ ಪುಡಿ. ಮನುಷ್ಯ ತೆಲುಗು ಬೆರೆತ ಕನ್ನಡದ ಮಾತುಗಾರ. ಬಾಯಿ ತುಂಬ ಅಚ್ಚಿನ ಮೇಣ ಹಾಕಿಸಿಕೊಂಡು ಕೂತವರಿಗೇ ಪ್ರಶ್ನೆ ಕೇಳುವ ಅಭ್ಯಾಸ ಅವರಿಗೆ.

ಅಳತೆ ಆಯಿತು, ಮೇಣದ ಮೇಲೆ ಹಲ್ಲು ಜೋಡಿಸಿ ನೋಡಿದ್ದಾಯಿತು. ಇನ್ನು ಮೇಣದ ಜಾಗಕ್ಕೆ ಗಟ್ಟಿಯಾದ ಗುಲಾಬಿ ಒಸಡು ತುಂಬಬೇಕು. ಅಲ್ಲಿಗೆ ಬಂದಾಗ ಅತ್ತಿಗೆ ಹಠ ಹಿಡಿದು ಕೂತರು.

"ಏನ್ರಲ್ಲಿ ಮಾಡೋದು ಇದನ್ನ? ಮೂಳೇನಾ?"

"ಅಯ್ಯೋ ಲೇದಮ್ಮಾ, ಮೂಳೆ ಎಲ್ಲಿಂದ ತರ್ಲಿ? ಪುಡಿ, ನೀರು, ಅಷ್ಟೇ."

"ಪುಡಿ ಯಾವುದ್ರದ್ದು? ಯಾವ್ದೋ ಪ್ರಾಣೀದು ಇರ್ಬೇಕು. ಗೊತ್ತಿಲ್ದೆ ನಾನು ಬಾಯಿಗೆ ಇಟ್ಕೊಳಲ್ಲ."

ಆತ ನನ್ನ ಮುಖ ನೋಡಿದರು. "ಓದಿರೋರು ನೀವೇ ಹೇಳಿ ಮೇಡಂ. ನಾನ್ ಹೇಳಿದ್ರೆ ವ್ಯಾಪಾರಕ್ಕೆ ಹೇಳ್ದೆ ಅಂತಾರೆ."

ಮದುವೆಗೆ ಮುಂಚೆ ನಾನು ಕಾನ್ವೆಂಟಿನವರದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ್ದೆ, ಕೆಮಿಸ್ಟ್ರಿ ನನ್ನ ಮೆಚ್ಚಿನ ಸಬ್ಜೆಕ್ಟು. ಆಮೇಲಿನ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಅದರ ಒಂದು ಸಾಲನ್ನೂ ಯಾರೂ ನನ್ನಿಂದ ಕೇಳಿರಲಿಲ್ಲ. ಮಾರ್ಕೆಟ್ಟಿನಲ್ಲಿ ಹಳೆಯ ಗೆಳತಿ ಸಿಕ್ಕಷ್ಟು ಸಂತೋಷವಾಯಿತು. ಮೇಜಿನ ಮೇಲೆ ಕಂದು ಬಣ್ಣದ ಸೀಸೆ ಇತ್ತು. ಆತನ ಅನುಮತಿ ಕೇಳಿ ಬಿರಟೆ ತೆಗೆದೆ. ನೇಲ್ ಪಾಲಿಶಿನಂಥ, ಹಣ್ಣಿನಂಥ, ಮೂಗಿನ ಒಳಗೆ ಚುಚ್ಚುವಂಥ ವಾಸನೆ. ಮಾನೋಮರ್, ಒಂದಕ್ಕೊಂದು ಸೇರಿ ಪಾಲಿಮರ್ ಎಂಬ ಉದ್ದ ಸರಪಣಿಯಾಗುವ ಬಿಡಿ ಕಣ! ನಮ್ಮ ಕಾನ್ವೆಂಟಿನ ಅಂಗಳ, ಬಿಳಿ ಬಟ್ಟೆಯ ಸಿಸ್ಟರ್, ಮಧ್ಯಾಹ್ನದ ಬಿಸಿಲು, ಎಲ್ಲ ಆ ವಾಸನೆಯ ಹಿಂದೆಯೇ ಬಂದವು. ಸಿಸ್ಟರ್ ಪಾಲಿಮರ್ ಪಾಠವನ್ನು ಬೋರ್ಡಿನ ಮೇಲೆ ಮಾಡಿರಲಿಲ್ಲ. ನಮ್ಮನ್ನೇ ಅಂಗಳದಲ್ಲಿ ನಿಲ್ಲಿಸಿ ಮಾಡಿದ್ದರು. ನಾನು ಅದನ್ನೇ ಅತ್ತಿಗೆಗೆ ಹೇಳಿದೆ.

"ಈ ಸೀಸೇಲಿರೋ ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿವೆ ಅತ್ತಿಗೆ. ಸ್ಕೂಲಲ್ಲಿ ಕೈಕಟ್ಟಿ ನಿಂತ್ಕೊಳ್ಳಿ ಅಂತಾರಲ್ಲ, ಹಾಗೆ ಒಂದೊಂದೂ ತನ್ನ ಎರಡು ಕೈ ತಾನೇ ಹಿಡ್ಕೊಂಡು ನಿಂತಿರುತ್ತೆ. ಯಾರ ಸಹವಾಸಕ್ಕೂ ಹೋಗಲ್ಲ. ಅದಕ್ಕೇ ಇದು ನೀರಿನ ಹಾಗೆ ಹರಿಯುತ್ತೆ."

"ಹೂಂ."

"ಆ ಪುಡೀಲಿ ಒಂಚೂರು ಚೇಷ್ಟೆ ಮಾಡೋ ಪದಾರ್ಥ ಬೆರೆಸಿರ್ತಾರೆ. ಬಿಸಿ ತಾಗಿದ ತಕ್ಷಣ ಅದು ಒಡೆದು, ಹೋಗಿ ಒಬ್ಬರ ಕೈ ಹಿಡಿದು ಎಳೆಯುತ್ತೆ. ಕಟ್ಟಿದ ಕೈ ಬಿಚ್ಚಿತು. ಒಂದು ಕೈ ಇದು ಹಿಡ್ಕೊಂಡಿದೆ, ಇನ್ನೊಂದು ಖಾಲಿ. ಖಾಲಿ ಕೈ ಸುಮ್ನಿರುತ್ತಾ? ಪಕ್ಕದವರನ್ನ ಎಳೆಯುತ್ತೆ. ಅವರ ಕೈಯೂ ಬಿಚ್ಚಿತು, ಅವರು ಅವರ ಪಕ್ಕದವರನ್ನ. ಹೀಗೇ ಸಾವಿರಾರು ಜನ ಸಾಲಾಗಿ ಒಂದೇ ಸರಪಣಿ."

"ಯಾವಾಗ ನಿಲ್ಲುತ್ತೆ?"

ಒಳ್ಳೆಯ ಪ್ರಶ್ನೆ. ಸಿಸ್ಟರನ್ನು ನಾವ್ಯಾರೂ ಅದನ್ನು ಕೇಳಿರಲಿಲ್ಲ, ಅವರೇ ಹೇಳಿದ್ದರು. "ಎರಡು ಸರಪಣಿಯ ಎರಡು ಖಾಲಿ ಕೈ ಒಂದಕ್ಕೊಂದು ಸಿಕ್ಕಿಬಿಟ್ರೆ ಅಲ್ಲಿಗೆ ಆಟ ಮುಗೀತು. ಇಲ್ಲಾ ಕೈಕಟ್ಟಿ ನಿಂತವರೇ ಖಾಲಿಯಾಗಬೇಕು. ಆಗ ಆ ನೀರು ನೀರಲ್ಲ, ಗಟ್ಟಿ. ಅದೇ ಈ ಗುಲಾಬಿ ಒಸಡು. ಮೂಳೆ ಇಲ್ಲ, ಮಾಂಸ ಇಲ್ಲ."

ಅತ್ತಿಗೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವರು ಹೇಳಿದ ಮಾತು ನನಗೆ ಈಗಲೂ ಪಾಠದ ಪುಸ್ತಕಕ್ಕಿಂತ ಚೆನ್ನಾಗಿ ಕಾಣುತ್ತದೆ: "ಅಂದ್ರೆ ನಮ್ಮ ಹುಳ ಮಾಡೋ ಕೆಲಸ. ಅದರ ಹೊಟ್ಟೇಲೂ ನೀರೇ ಇರೋದು. ಬಾಯಿಂದ ಬರೋವಾಗ ನೂಲು."

"ಹತ್ತತ್ರ ಹಾಗೇ ಅತ್ತಿಗೆ. ಅದೂ ಉದ್ದನೆ ಸರಪಣಿನೇ."

ಹುಳುವಿನ ರೀತಿ ಸ್ವಲ್ಪ ಬೇರೆ. ಅಲ್ಲಿ ಕಣಕ್ಕೆ ಕಣ ಸೇರುವಾಗ ಪ್ರತಿ ಸಲವೂ ನೀರಿನ ಒಂದು ಅಣುವನ್ನು ಬಿಟ್ಟುಕೊಡಬೇಕು. ಸರಪಣಿ ಬೆಳೆದಷ್ಟೂ ನೀರು ಕಳಚುತ್ತ ಹೋಗುತ್ತದೆ. ನೈಲಾನ್ ಕಂಡುಹಿಡಿದವರು ನಡೆದದ್ದು ಆ ದಾರಿಯಲ್ಲಿ. ಸೀಸೆಯ ನೀರಿಗೆ ಆ ತಾಪತ್ರಯವಿಲ್ಲ, ಏನನ್ನೂ ಬಿಡದೆ ಬರೀ ಕೈಹಿಡಿಯುವುದು. ಇದನ್ನೂ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅತ್ತಿಗೆ ಎದ್ದು ಹಿಂದಿನ ಕೋಣೆಗೆ ಹೋಗಿ ನಿಂತಿದ್ದರು, ಸ್ವತಃ ನೋಡಲು.

ಆತ ಬೇಸರಿಸಲಿಲ್ಲ. ಪಿಂಗಾಣಿ ಬಟ್ಟಲಲ್ಲಿ ಗುಲಾಬಿ ಪುಡಿಗೆ ಸೀಸೆಯ ನೀರು ಸುರಿದರು. ಮೊದಲು ಒದ್ದೆ ಮರಳಿನ ಹಾಗಿತ್ತು. ಮುಚ್ಚಳ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಅಂಟಂಟಾಗಿ ಎಳೆ ಎಳೆ ಬರುತ್ತಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಬಟ್ಟಲಿನ ಅಂಚು ಬಿಟ್ಟು, ಒಬ್ಬಟ್ಟಿನ ಕಣಕದಷ್ಟು ಮೆತ್ತಗಾಯಿತು. ಅದನ್ನು ಹಿತ್ತಾಳೆಯ ದಪ್ಪ ಡಬ್ಬಿಯೊಳಗಿನ ಪ್ಲಾಸ್ಟರ್ ಅಚ್ಚಿಗೆ ತುಂಬಿ, ಸ್ಕ್ರೂ ಬಿಗಿದು, ಡಬ್ಬಿಯನ್ನು ನೀರಿನ ಪಾತ್ರೆಗೆ ಇಳಿಸಿ, ಸ್ಟವ್ ಹೊತ್ತಿಸಿದರು.

"ಬೇಯಿಸ್ತೀರಾ?" ಅಂದರು ಅತ್ತಿಗೆ, ಕಣ್ಣರಳಿಸಿ.

"ಬೇಯಿಸ್ಲೇಬೇಕಮ್ಮಾ. ಬೇಯದಿದ್ರೆ ಹಸೀ ವಾಸನೆ ಹೋಗಲ್ಲ, ಗಟ್ಟೀನೂ ಆಗಲ್ಲ."

ಗೂಡು ಬೇಯಿಸುವ ಮನೆಯಲ್ಲಿ ಬಾಳು ಕಳೆದ ನನ್ನ ಅತ್ತಿಗೆಗೆ ಆತನ ಮೇಲೆ ನಂಬಿಕೆ ಬಂದದ್ದು ಆ ಕ್ಷಣದಲ್ಲಿ. ತಮ್ಮ ಕಸುಬಿನವನೇ ಎಂಬಂತೆ ಡಬ್ಬಿಯ ಕೆಳಗಿನ ಉರಿ ಜಾಸ್ತಿಯಾಯಿತು ಎಂದು ಬುದ್ಧಿಯನ್ನೂ ಹೇಳಿದರು.

ಹಲ್ಲಿನ ಸೆಟ್ಟು ಬಂತು. ಅತ್ತಿಗೆ ಕನ್ನಡಿಯಲ್ಲಿ ನೋಡಿಕೊಂಡು, "ಯಾರೋ ಬೇರೆಯೋರು ನಗ್ತಾವ್ರೆ" ಅಂದರು. ಆದರೆ ಮಾತು ಮಾತಾಗಿತ್ತು! ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಂಡಕ್ಟರನ ಮೇಲೆ, ಟೊಮೇಟೊ ಕ್ರೇಟು ಹತ್ತಿಸಿದವರ ಮೇಲೆ, ನನ್ನ ಕೊಡೆಯ ಮೇಲೆ ಹಾಡು ಕಟ್ಟುತ್ತ ಬಂದರು. ಹಿಂದಿನ ಸೀಟಿನವರು ನಕ್ಕು ನಕ್ಕು ಸುಸ್ತಾದರು. ಹೌ ಹ್ಯಾಪಿ ಶಿ ವಾಸ್, ನನ್ನ ಅತ್ತಿಗೆ.

ಮದುವೆಗೆ ಸ್ವಲ್ಪವೇ ದಿನ ಇರುವಾಗ ಅವರ ಮನೆಯಿಂದ ಫೋನ್ ಬಂತು. ಆ ಕಡೆಯಿಂದ ಬರೀ ಗಾಳಿ. ಬಹಳ ಹೊತ್ತಿನ ಮೇಲೆ ನನಗೆ ಅರ್ಥವಾದದ್ದು, "ಬಾರೇ ಬೇಗ" ಎಂದಷ್ಟೇ.

ಹೋದೆ. ಅತ್ತಿಗೆ ಹಿತ್ತಲಲ್ಲಿ, ಗೂಡು ಬೇಯಿಸುವ ಬಾಂಡ್ಲಿಯ ಪಕ್ಕ ಕೂತಿದ್ದರು. ಅಂಗೈಯಲ್ಲಿ ಮೇಲಿನ ಸೆಟ್ಟು. ಅದರ ಗುಲಾಬಿ ಒಸಡಿನ ಒಂದು ಬದಿ ಬಿಸಿಲಿಗೆ ಬಿದ್ದ ಹಪ್ಪಳದ ಹಾಗೆ ಮೇಲೆದ್ದಿತ್ತು. ಅಲ್ಲಲ್ಲಿ ಬಿಳಿಚಿಕೊಂಡಿತ್ತು.

"ಏನಾಯ್ತು ಅತ್ತಿಗೆ?"

"ಬಿಗಿ ಇತ್ತು ಕಣೇ. ಒಸಡು ಒತ್ತುತಿತ್ತು. ಗೂಡಿನ ಥರ ಒಂಚೂರು ಮೆತ್ತಗಾಗ್ಲಿ ಅಂತ ಬಾಂಡ್ಲಿಗೆ ಬಿಟ್ಟೆ."

"ಕುದಿಯೋ ನೀರಿಗಾ?"

"ಕುದಿಯೋ ನೀರಲ್ಲೇ ಅಲ್ವಾ ಅವನು ಮಾಡಿದ್ದು? ನನ್ನ ಕಣ್ಣೆದುರಿಗೇ ಬೇಯಿಸಿದ. ನೀನೂ ಹೇಳ್ದೆ, ಇದು ರೇಷ್ಮೆ ಥರಾನೇ ಸರಪಣಿ ಅಂತ. ನಮ್ಮ ರೇಷ್ಮೆ ಎಷ್ಟು ಕುದಿಸಿದ್ರೂ ಕೆಡುತ್ತಾ? ನಿನ್ನ ಸರಪಣಿಗೆ ಏನು ಬಂತು ರೋಗ?"

ಬೇರೆ ಯಾವ ಊರಿನಲ್ಲಿ ಒಬ್ಬ ಮುದುಕಿ ತನ್ನ ಹಲ್ಲನ್ನು ರೇಷ್ಮೆ ಗೂಡಿನ ಜೊತೆ ಕುದಿಸಿಯಾಳು? ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಆಗ ನಾನೂ ನಿಲ್ಲಿಸಿದೆ.

ಪಾಪ, ಅವರ ತರ್ಕದಲ್ಲಿ ತಪ್ಪೇನಿತ್ತು? ಕೂತು ಸಮಾಧಾನವಾಗಿ ಹೇಳಿದೆ. ರೇಷ್ಮೆಯ ಸರಪಣಿಗಳು ಒತ್ತೊತ್ತಾಗಿ, ನೇರವಾಗಿ ಮಲಗಿ ಒಂದನ್ನೊಂದು ಗಟ್ಟಿಯಾಗಿ ಹಿಡಿದಿರುತ್ತವೆ. ಕುದಿಸಿದರೆ ಮೇಲಿನ ಅಂಟು ಮಾತ್ರ ಬಿಡುತ್ತದೆ. ಈ ಒಸಡಿನ ಸರಪಣಿಗಳು ತಟ್ಟೆಯಲ್ಲಿ ಸುರಿದ ಶಾವಿಗೆಯ ಹಾಗೆ, ಒಂದರ ಮೇಲೊಂದು ಸಿಕ್ಕಾಗಿ ಬಿದ್ದಿರುತ್ತವೆ. ಬಿಸಿ ಹೆಚ್ಚಾದರೆ ಕಡಿದುಹೋಗುವುದಿಲ್ಲ, ಆದರೆ ಜಾರಾಡುತ್ತವೆ, ಮಿಸುಕಾಡುತ್ತವೆ. ಹಲ್ಲು ಕಟ್ಟುವವರು ಬೇಯಿಸುವಾಗ ಹಿತ್ತಾಳೆ ಡಬ್ಬಿ ಸುತ್ತಲೂ ಅದುಮಿ ಹಿಡಿದಿತ್ತು, ಆರುವ ತನಕ ಬಿಡಲಿಲ್ಲ. ಬಾಂಡ್ಲಿಯಲ್ಲಿ ಹಿಡಿಯುವವರು ಯಾರು?

"ಅಂದ್ರೆ ಹಿಡ್ಕೊಳ್ಳೋರಿಲ್ದೆ ಕೆಟ್ಟೋಯ್ತು ಅನ್ನು," ಅಂದರು. ಆಮೇಲೆ ತುಂಬ ಮೆಲ್ಲಗೆ, "ಹೋಗ್ಲಿ ಬಿಡೇ. ಹಾಡೋಕೆ ಬೇರೆ ಯಾರಾದ್ರೂ ಸಿಕ್ತಾರೆ."

ಆ ಮಾತು ನನಗೆ ಸಹಿಸಲಾಗಲಿಲ್ಲ. ಅವತ್ತೇ ಚಿಂತಾಮಣಿಯ ಅದೇ ಬಸ್ಸಿಗೆ ಕರೆದುಕೊಂಡು ಹೊರಟೆ. ದಾರಿಯಲ್ಲಿ ಅತ್ತಿಗೆ ಕಿಟಕಿಯ ಹೊರಗೆ ಹಿಪ್ಪುನೇರಳೆ ತೋಟಗಳನ್ನು ನೋಡುತ್ತ ಕೂತಿದ್ದರು. ಕಂಡಕ್ಟರ್ ಗುರುತು ಹಿಡಿದು, "ಏನಜ್ಜಿ, ಇವತ್ತು ಹಾಡಿಲ್ವಾ?" ಎಂದು ಕೇಳಿದ. ಅವರು ತಲೆ ಅಲ್ಲಾಡಿಸಿದರು, ಅಷ್ಟೇ.

ಚಿಂತಾಮಣಿಯಾತ ಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಬೈಯುತ್ತಾರೇನೋ ಎಂದುಕೊಂಡರೆ, ಅತ್ತಿಗೆಯ ಮುಖ ನೋಡಿ ದನಿ ಇಳಿಸಿದರು. "ಮೊದ್ಲಿಂದ ಮಾಡಿದ್ರೇನೇ ಸರಿ ಅಮ್ಮಾ. ಆದ್ರೆ ಅಷ್ಟು ಟೈಮ್ ಇಲ್ಲ. ಒಂದು ಕೆಲ್ಸ ಮಾಡಣ. ಒಳಗಡೆ ಉಜ್ಜಿ, ಹೊಸ ಮಾಲು ಬಳಿದು ನಿಮ್ಮ ಬಾಯಲ್ಲೇ ಗಟ್ಟಿ ಮಾಡಣ. ಹಿಂದೆ ಮಾಡಿದಷ್ಟು ಗಟ್ಟಿ ಬರಲ್ಲ. ಮದುವೆ ಒಂದು ದಾಟುತ್ತೆ. ಆಮೇಲೆ ಹೊಸ್ದು."

"ನನ್ನ ಬಾಯಲ್ಲಿ ಬೇಯಿಸ್ತೀಯೇನಪ್ಪಾ?"

"ಇದು ಬೇರೆ ಸೀಸೆ ಅಮ್ಮಾ, ಒಲೆ ಬೇಡ."

ಆ ಎರಡನೆಯ ಸೀಸೆಯ ನೀರಿನಲ್ಲಿ ಇನ್ನೊಂದು ರಾಸಾಯನಿಕ ಇರುತ್ತದೆ. ಉರಿಯ ಸಹಾಯವಿಲ್ಲದೆ, ಬರೀ ಕೋಣೆಯ ಬಿಸಿಗೇ ಪುಡಿಯಲ್ಲಿನ ಚೇಷ್ಟೆಗಾರನನ್ನು ಅದು ಎಬ್ಬಿಸುತ್ತದೆ. ಕೈಗಳು ಬಿಚ್ಚಿ ಒಂದನ್ನೊಂದು ಹಿಡಿಯುವಾಗ ತಾವೇ ಬಿಸಿ ಬಿಡುತ್ತವೆ. ಇದನ್ನು ನಾನು ಅತ್ತಿಗೆಗೆ ಮೊದಲೇ ಹೇಳಿ, ಬಿಸಿ ಆದರೆ ಹೆದರಬೇಡಿ, ಕೈ ಎತ್ತಿ ಎಂದೆ. ಸೆಟ್ಟಿನ ಒಳಗೆ ಗುಲಾಬಿ ಹಿಟ್ಟು ಬಳಿದು ಬಾಯಿಗಿಟ್ಟಾಗ, ಆ ಚುಚ್ಚುವ ವಾಸನೆಗೆ ಅವರ ಕಣ್ಣಲ್ಲಿ ನೀರು ಸುರಿಯಿತು. ನನ್ನ ಮಣಿಕಟ್ಟನ್ನು ಹಿಡಿದಿದ್ದರು. ಬಿಸಿ ಏರುತ್ತಿದೆಯೆಂದು ಅವರ ಬೆರಳುಗಳಿಂದಲೇ ನನಗೆ ಗೊತ್ತಾಗುತ್ತಿತ್ತು. ಆದರೆ ಕೈ ಎತ್ತಲಿಲ್ಲ. ಆತನೇ ಹೆದರಿ, "ಚಾಲು ಚಾಲು, ಸಾಕಮ್ಮಾ!" ಎಂದು ತೆಗೆದು ನೀರಿಗೆ ಹಾಕಿದರು.

"ಯಾಕ್ ಕೈ ಎತ್ತಲಿಲ್ಲ?" ಅಂದೆ.

"ಸರಪಣಿ ಅರ್ಧಕ್ಕೆ ನಿಂತೋದ್ರೆ?" ಅಂದರು.

ಮದುವೆಗೆ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋದೆವು. ಸೆಟ್ಟು ಕೂತಿತ್ತು, ಆದರೆ ಅತ್ತಿಗೆಗೆ ಅದರ ಮೇಲೆ ಭರವಸೆ ಇರಲಿಲ್ಲ. ನಾಲಿಗೆಯಿಂದ ಮತ್ತೆ ಮತ್ತೆ ತಡವಿ ನೋಡಿಕೊಳ್ಳುತ್ತಿದ್ದರು. ಧಾರೆ ಮುಗಿದು, ಹೆಣ್ಣು ಗಂಡನ್ನು ಹಸೆಯ ಮೇಲೆ ಕೂರಿಸಿದಾಗ ಆ ಬೀಗಿತ್ತಿ ಕಾದವರಂತೆ ಎದುರಿಗೆ ಬಂದು ಕೂತರು. ಅವರ ಹಿಂದೆ ಒಂದು ದಂಡು. ಅತ್ತಿಗೆಯ ಬಾಯನ್ನೇ ಅವರು ದಿಟ್ಟಿಸಿ ನೋಡಿದ ರೀತಿಯಲ್ಲೇ, ಕಟ್ಟಿಸಿದ ಹಲ್ಲಿನ ಗುಟ್ಟು ಅವರಿಗೆ ಗೊತ್ತಾಯಿತೆಂದು ನನಗೆ ತಿಳಿಯಿತು. ಎತ್ತಿಯೇಬಿಟ್ಟರು:

"ಶಿಡ್ಲಘಟ್ಟದ ಬೀಗಿತ್ತಿ ನಗುವೇನು ಅಂದ,
ಹೊಳೆಯೋ ಹಲ್ಲ ತಂದವಳೆ ಚಿಂತಾಮಣಿ ಪೇಟೆಯಿಂದ!"

ಛತ್ರವೆಲ್ಲ ಹೋ ಎಂದಿತು. ಹಸೆಯ ಮೇಲಿದ್ದ ಮೊಮ್ಮಗಳು ಗಾಬರಿಯಿಂದ ಅಜ್ಜಿಯ ಕಡೆ ನೋಡಿದಳು. ಅತ್ತಿಗೆಯ ಕೈ ಸೆರಗಿನ ತನಕ ಹೋಯಿತು, ಈಗ ಬಾಯಿಗೆ ಅಡ್ಡ ಹಿಡಿಯುತ್ತಾರೆ ಎಂದುಕೊಂಡೆ. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹಲ್ಲು ತಂದದ್ದು ದಿಟವಮ್ಮ ಚಿಂತಾಮಣಿ ಪೇಟೆಯಿಂದ,
ನಾಲಿಗೆ ತಂದದ್ದು ಮಾತ್ರ ನಮ್ಮವ್ವನ ಹೊಟ್ಟೆಯಿಂದ!"

ಒಂದೊಂದು ಅಕ್ಷರವೂ ಕಡೆದಿಟ್ಟ ಹಾಗೆ ಬಂತು. ಗೌರಿಬಿದನೂರಿನ ದಂಡೇ ಮೊದಲು ಚಪ್ಪಾಳೆ ತಟ್ಟಿತು. ಬೀಗಿತ್ತಿ ನಕ್ಕು, ಕುಂಕುಮದ ಸುತ್ತಲಿನ ಬೆವರು ಒರೆಸಿಕೊಂಡು, "ಬಂತಪ್ಪಾ ಮಾತು!" ಅಂದರು. ಮತ್ತೆ ಎತ್ತಿದರು. ಅತ್ತಿಗೆ ಮತ್ತೆ ಕೊಟ್ಟರು. ಪುರೋಹಿತರು ಮುಂದಿನ ಶಾಸ್ತ್ರಕ್ಕೆ ಹೊತ್ತಾಯಿತೆಂದು ಕೂಗುವ ತನಕ ಇಬ್ಬರೂ ಬಿಡಲಿಲ್ಲ.

ಊಟಕ್ಕೆ ಬೀಗಿತ್ತಿ ತಾವಾಗಿಯೇ ಬಂದು ಅತ್ತಿಗೆಯ ಪಕ್ಕದ ಎಲೆಗೆ ಕೂತರು. ಈ ಕಡೆ ನಾನು. ಎಲೆಗೆ ಅನ್ನ ಬಿದ್ದ ಮೇಲೆ ಅತ್ತಿಗೆ ಆ ಕಡೆ ಈ ಕಡೆ ನೋಡಿ, ಸೆಟ್ಟನ್ನು ಬಾಯಿಂದ ತೆಗೆದು ನೀರಿನ ಲೋಟಕ್ಕೆ ಹಾಕಿದರು. ಮೇಲೊಸಡು ಉಜ್ಜಿ ಕೆಂಪಗಾಗಿದ್ದು ನನಗೆ ಕಂಡಿತು.

"ಇದೇನ್ರೀ," ಅಂದರು ಬೀಗಿತ್ತಿ, "ಊಟದ ಹೊತ್ತಿಗೆ ಹಲ್ಲು ತೆಗೆದಿಡೋರ್ನ ಇವತ್ತೇ ನೋಡಿದ್ದು."

ಅತ್ತಿಗೆ ಅನ್ನಕ್ಕೆ ಸಾರು ಕಲಸುತ್ತ, ಹಲ್ಲಿಲ್ಲದ ಬಾಯಲ್ಲಿ, ನಿಧಾನವಾಗಿ, ಅವರಿಗೆ ಅರ್ಥವಾಗುವ ಹಾಗೆ ಹೇಳಿದರು: "ಊಟಕ್ಕೆ ಒಸಡು ಸಾಕು ಬೀಗಿತ್ತಿ. ಹಲ್ಲು ಕಟ್ಸಿದ್ದು ನಿಮಗೋಸ್ಕರ."